ಮೀನು ಬೇಯದ ಮನೆಯ ಮೀನಿನ ವಾಸನೆ

ಕೊಚ್ಚಿಗೆ ಮೆಟ್ರೋ ಇನ್ನೂ ಬಂದಿರದ ಕಾಲ. ವೈಟ್ಟಿಲದ ಬಾಡಿಗೆ ಮನೆಯಲ್ಲಿದ್ದ ಗದಗಿನ ವಿಶ್ವೇಶ್ವರ ಎದೆನೋವೆಂದು ತಿರುವನಂತಪುರದ ಹೃದಯತಜ್ಞರ ಬಳಿ ಹೋದ. ರಕ್ತದಲ್ಲಿ ಕೊಬ್ಬು ಹೆಚ್ಚಾಗಿದೆ, ತೆಂಗಿನೆಣ್ಣೆಯಲ್ಲಿ ಕರಿದದ್ದು ಬಿಡಿ, ಮಾತ್ರೆಯ ಜೊತೆ ಈ ಹಳದಿ ಕ್ಯಾಪ್ಸೂಲನ್ನೂ ನುಂಗಿ, ರಕ್ತ ಹೆಪ್ಪುಗಟ್ಟುವುದು ಕಡಿಮೆಯಾಗುತ್ತದೆ ಎಂದರು ಡಾಕ್ಟರು. ಅಲ್ಲಿನ ತಂಪಾನೂರು ನಿಲ್ದಾಣದಲ್ಲಿ ರೋಗಿಯಾಗಿ ರೈಲು ಹತ್ತಿದವನು ಎರ್ನಾಕುಲಂನಲ್ಲಿ ಅರ್ಧ ವೈದ್ಯನಾಗಿ ಇಳಿದ.

"ಇನ್ನ ಮ್ಯಾಲೆ ಕೊಬ್ಬರಿ ಎಣ್ಣಿ ತಲಿಗಷ್ಟ" ಎಂದು ಹೆಂಡತಿಗೆ ಆಜ್ಞಾಪಿಸಿದ.

"ತಲ್ಯಾಗ ಕೂದಲರ ಎಲ್ಲಿ ಅದಾವ್ರೀ?" ಎಂದಳು ಚಂದ್ರಮ್ಮ.

ಊರಿನಿಂದ ಕುಸುಬಿ ಎಣ್ಣೆ ಬಂತು. ಡಬ್ಬಿಯ ಮುಚ್ಚಳ ತೆಗೆದದ್ದೇ ವಿಶ್ವೇಶ್ವರ ಹತ್ತು ವರ್ಷದ ಹುಡುಗನಾದ. ಓಣಿಯ ಗಾಣ, ಸುತ್ತುತ್ತಿದ್ದ ಎತ್ತು, ಬಿಸಿ ರೊಟ್ಟಿಗೆ ಎಣ್ಣೆ ಸುರಿಯುತ್ತಿದ್ದ ಅವ್ವನ ಬಳೆಗಳ ಸದ್ದು. ಅಂದು ಅವನು ಎರಡು ರೊಟ್ಟಿ ಹೆಚ್ಚಿಗೆ ಉಂಡ. ಕಣ್ಣೊರೆಸಿಕೊಂಡದ್ದನ್ನು ಚಂದ್ರಮ್ಮ ನೋಡಿಯೂ ನೋಡದಂತಿದ್ದಳು.

ಆದರೆ ವಾರದೊಳಗೆ ಮನೆಯಲ್ಲಿ ಮೀನಿನ ವಾಸನೆ. (ಮೊಟ್ಟೆಯನ್ನೂ ಮುಟ್ಟದ ಮನೆ.) ಕಿಟಕಿ ಮುಚ್ಚಿದರೂ ಹೋಗಲಿಲ್ಲ. ಅಪರಾಧಿ ಕೆಳಮನೆಯ ಕಾಸರಗೋಡಿನ ಸುಮಯ್ಯಾ ಎಂದು ಅವನು ತೀರ್ಪು ಕೊಟ್ಟ. ಇಡೀ ಬೀದಿಯಲ್ಲಿ ಚಂದ್ರಮ್ಮನ ಜೊತೆ ಕನ್ನಡ ಮಾತಾಡುತ್ತಿದ್ದವಳು ಅವಳೊಬ್ಬಳೇ.

"ಆಕಿ ಜೋಡಿ ಸೇರಿ ನೀನೂ ಮೀನ ಹುರದೀಯೇನ?"

ಚಂದ್ರಮ್ಮ ಮೂರು ದಿನ ಬರೀ ಮಜ್ಜಿಗೆ ಅನ್ನ ಬಡಿಸಿದಳು. ನಾಲ್ಕನೆಯ ದಿನ ಸುಮಯ್ಯಾಳನ್ನೇ ಮೇಲೆ ಕರೆತಂದಳು.

"ಇವರ ಮುಂದ ನೀನ ಹುಡುಕವ್ವಾ, ಮೀನ ಎಲ್ಲದ ಅಂತ."

ಅಷ್ಟರಲ್ಲಿ ಕ್ಯಾಪ್ಸೂಲ್ ನುಂಗಿ ಕುಳಿತಿದ್ದ ಗೃಹಸ್ಥರಿಗೆ ದೀರ್ಘವಾದ ತೇಗೊಂದು ಬಂತು. ಸುಮಯ್ಯಾ ಮೂಗು ಅರಳಿಸಿ, ಮೇಜಿನ ಮೇಲಿದ್ದ ಬಾಟಲಿ ತಿರುಗಿಸಿ ಓದಿದಳು.

"ಅಣ್ಣಾ, ಇದು ಮೀನೆಣ್ಣೆ ಅಲ್ವಾ ಮಾರಾಯ್ರೆ. ನಮ್ಮವರೂ ತಗೊಳ್ತಾರೆ."

ವಿಶ್ವೇಶ್ವರನ ಬಾಯಿ ತೆರೆದದ್ದು ಮುಚ್ಚಲು ಮರೆಯಿತು. ಮುಚ್ಚಿದ್ದರೆ ಮನೆಗೆ ಒಳ್ಳೆಯದಿತ್ತು.

ಡಾಕ್ಟರು ಫೋನಿನಲ್ಲಿ ನಕ್ಕರು. ಸಸ್ಯಾಹಾರಿ ಎಂದು ಮೊದಲೇ ಹೇಳಬಾರದಿತ್ತೇ, ಕ್ಯಾಪ್ಸೂಲ್ ಬಿಡಿ, ಮಾತ್ರೆ ಬಿಡಬೇಡಿ, ಬೇಕಿದ್ದರೆ ಅಗಸೆ ಬೀಜ ತಿನ್ನಿ ಎಂದರು. ಚಂದ್ರಮ್ಮ ತನ್ನ ಅತ್ತೆ ಮಾಡುತ್ತಿದ್ದ ಹಾಗೆ ಅಗಸಿ ಚಟ್ನಿಪುಡಿ ಕುಟ್ಟಿ, ಒಂದು ಬಟ್ಟಲು ತುಂಬಿ ಗಂಡನ ಕೈಗಿಟ್ಟಳು.

"ಕೆಳಗ ಹೋಗಿ ಕೊಟ್ಟು ಬರ್ರಿ. ತಪ್ಪಾತು ಅಂತನೂ ಹೇಳ್ರಿ."

ಅವನು ಹೇಳಿದ. ಸುಮಯ್ಯಾಳ ಗಂಡ ಇಸ್ಮಾಯಿಲ್ ಊಟಕ್ಕೆ ಕುಳಿತಿದ್ದ. ಪುಡಿಯನ್ನು ಹುರಿದ ಬೂತಾಯಿ ಮೀನಿನ ಮೇಲೆ ಧಾರಾಳವಾಗಿ ಉದುರಿಸಿಕೊಂಡು ಒಂದು ತುತ್ತು ಬಾಯಿಗಿಟ್ಟ.

"ಎಂಥಾ ಜೋಡಿ ಸಾರ್. ನಿಮ್ಮೂರಲ್ಲಿ ಇದನ್ನು ಯಾವ ಮೀನಿಗೆ ಹಾಕ್ತೀರಿ?"