ತಲವತ್ತೆ ವಿಹಾರಕ್ಕೆ ಹುಳುಗಳ ನಿಯೋಜನೆ

ನಮ್ಮ ದೇಶದಲ್ಲಿ ತಾಳೆಗರಿ ಗ್ರಂಥದ ವಯಸ್ಸನ್ನು ಅದರಲ್ಲಿ ಹುಳು ಕೊರೆದ ತೂತುಗಳಿಂದ ನಿರ್ಧರಿಸಲಾಗುತ್ತದೆ. ಇದು ಕೊಲಂಬೋದಲ್ಲಿರುವ ತಾಳೆಗರಿ ಪ್ರಾಚೀನತಾ ಮಂಡಳಿಯ ನಿಯಮ. ಗ್ರಂಥದಲ್ಲಿ ಏನು ಬರೆದಿದೆ ಎಂಬುದನ್ನು ಮಂಡಳಿ ಪರಿಗಣಿಸುವುದಿಲ್ಲ. ಬರಹವನ್ನು ಯಾರು ಬೇಕಾದರೂ ಬರೆಯಬಹುದು. ತೂತನ್ನು ಹುಳುವೇ ಕೊರೆಯಬೇಕು.

ಈ ನಿಯಮ ತಲವತ್ತೆಯವರಾದ ನಮಗೆ ತಿಳಿದಿರಲಿಲ್ಲ. ತಿಳಿದಿದ್ದರೆ ನಮ್ಮ ಬೌದ್ಧ ವಿಹಾರದ ಗ್ರಂಥವನ್ನು ಅಷ್ಟು ಚೆನ್ನಾಗಿ ಇಟ್ಟುಕೊಳ್ಳುವ ತಪ್ಪು ಮಾಡುತ್ತಿರಲಿಲ್ಲ.

ಅದು ಮೂಳೆ ಕೂಡಿಸುವ ವಿದ್ಯೆಯ ಗ್ರಂಥ. ಬಿಸೋ ಮೆನಿಕೆಯಕ್ಕನ ಮನೆತನದ್ದು. ಅಕ್ಕನ ತಂದೆ, ಅಜ್ಜ ಎಲ್ಲರೂ ಮೂಳೆ ವೈದ್ಯರೇ. ಗ್ರಂಥ ವಿಹಾರದ ಪೆಟ್ಟಿಗೆಯಲ್ಲಿ ಇರುತ್ತಿತ್ತು. ವರ್ಷಕ್ಕೊಮ್ಮೆ ಅಕ್ಕ ಬಂದು ಗರಿಗಳನ್ನು ಬಿಚ್ಚಿ, ರಾಳದ ಎಣ್ಣೆಯಲ್ಲಿ ಇದ್ದಿಲ ಪುಡಿ ಕಲಸಿ ಹಚ್ಚಿ, ತೌಡಿನಿಂದ ಒರೆಸಿ ಮತ್ತೆ ಕಟ್ಟಿಡುತ್ತಿದ್ದಳು. ಆ ಎಣ್ಣೆಯ ವಾಸನೆಗೆ ಹುಳುವಷ್ಟೇ ಅಲ್ಲ, ಕೆಲವೊಮ್ಮೆ ಭಕ್ತರೂ ಹತ್ತಿರ ಬರುತ್ತಿರಲಿಲ್ಲ.

ಗ್ರಂಥದ ಕೋಣೆಯ ಸೂರು ಸೋರತೊಡಗಿದಾಗ, ಪ್ರಾಚೀನ ಗ್ರಂಥವಿರುವ ವಿಹಾರಗಳ ಸೂರಿಗೆ ಮಂಡಳಿ ನೆರವು ಕೊಡುತ್ತದೆಂದು ಅಪ್ಪುಹಾಮಿ ಸುದ್ದಿ ತಂದ. ಅಪ್ಪುಹಾಮಿ ವಿಹಾರದೆದುರಿನ ಟೀ ಅಂಗಡಿಯವನು, ವಿಹಾರ ನೋಡಿಕೊಳ್ಳುವ ನಮ್ಮ ದಾಯಕ ಸಭೆಯ ಅಧ್ಯಕ್ಷ. ನಾನು ಕಾರ್ಯದರ್ಶಿ. ಅರ್ಜಿ ಹಾಕಿದೆವು. ಮಂಡಳಿಯ ಸಹಾಯಕ ಆಯುಕ್ತ ಸಾಹೇಬರು, ವಿಜೇತುಂಗ ಮಹತ್ತಯರು, ತಪಾಸಣೆಗೆ ಬಂದರು.

ಅವರು ಭೂತಗನ್ನಡಿ ಹಿಡಿದು ಗರಿಗಳನ್ನು ಒಂದೊಂದಾಗಿ ಮಗುಚಿದರು.

"ಎರಡು ತೂತಿವೆ," ಎಂದರು ಆಸೆಯಿಂದ.

"ಅದು ದಾರ ಪೋಣಿಸೋಕೆ ಮಾಡಿರೋದು, ಮಹತ್ತಯ," ಅಂದಳು ಬಿಸೋ ಮೆನಿಕೆಯಕ್ಕ.

"ಮನುಷ್ಯರು ಮಾಡಿದ ತೂತು ಲೆಕ್ಕಕ್ಕಿಲ್ಲ. ಹುಳು ಯಾಕೆ ಬಂದಿಲ್ಲ?"

"ನಾವು ಬರೋಕೆ ಬಿಟ್ಟಿಲ್ಲ."

"ಅಂದ್ರೆ ತಡೆದಿದ್ದೀರಿ. ಒಪ್ಕೋತೀರಾ?"

"ಒಪ್ಕೋತೀನಿ. ನಮ್ಮಪ್ಪನೂ ತಡೀತಿದ್ದ. ಅವರಪ್ಪನೂ ತಡೀತಿದ್ದ."

"ಇಡೀ ಕುಟುಂಬ ಸೇರಿ ಮಾಡಿದೆ," ಎಂದು ಮಹತ್ತಯರು ಬರೆದುಕೊಂಡರು.

ತೀರ್ಪು ಅಲ್ಲೇ ಸಿಕ್ಕಿತು. ತೂತಿಲ್ಲದ ಕಾರಣ ಗ್ರಂಥ ಹೊಸದು. ಹೊಸದಾಗಿದ್ದೂ ಹಳೆಯದೆಂದು ಹೇಳಿಕೊಂಡ ಕಾರಣ ನಕಲಿ. ಮುಂದಿನ ತಪಾಸಣೆಯೊಳಗೆ ಅದು ಹಳೆಯದಾಗದಿದ್ದರೆ ಮುಟ್ಟುಗೋಲು ಹಾಕಿಕೊಳ್ಳಲಾಗುವುದು.

ದಾಯಕ ಸಭೆ ಸೇರಿತು. ಹುಳು ಬರಬೇಕಾದರೆ ಎಣ್ಣೆ ತೆಗೆಯಬೇಕು ಎಂದ ಅಪ್ಪುಹಾಮಿ.

"ಎಣ್ಣೆ ತೆಗೆದ್ರೆ ಅದು ಗ್ರಂಥ ಅಲ್ಲ ಕಣಯ್ಯಾ, ತಿಂಡಿ," ಅಂದಳು ಅಕ್ಕ.

"ತೆಗೀದಿದ್ರೆ ಕೊಲಂಬೋಗೆ ಹೊತ್ಕೊಂಡು ಹೋಗ್ತಾರೆ. ಆಮೇಲೆ ಏನು ನೋಡಿ ಓದ್ತೀಯ?"

ಅಕ್ಕ ವಿಹಾರದ ಭಿಕ್ಷು ಪಿಯರತನ ಹಾಮುದುರುಗಳ ಮುಖ ನೋಡಿದಳು. "ಪ್ರಾಣಿಗಳನ್ನ ಕೊಲ್ಲಬೇಡಿ ಅಂತ ಬುದ್ಧರು ಹೇಳಿದಾರೆ," ಎಂದರು ಅವರು. "ಕರೆದು ಊಟಕ್ಕೆ ಕೂರಿಸಬೇಡಿ ಅಂತ ಎಲ್ಲೂ ಹೇಳಿಲ್ಲ." ಹೇಳಿದ ಮೇಲೆ ಅವರಿಗೇ ಬೇಸರವಾಗಿ ಎದ್ದು ಹೋದರು.

ಪೂರ್ತಿ ಹೋಗುವುದಕ್ಕಿಂತ ಸ್ವಲ್ಪ ಉಳಿದರೂ ಸಾಕೆಂದು ಅಕ್ಕ ಒಪ್ಪಿದಳು. ಎಣ್ಣೆ ಒರೆಸಿ, ಪೆಟ್ಟಿಗೆ ತೆರೆದಿಟ್ಟು ಕಾದೆವು. ತಲೆಮಾರುಗಳಿಂದ ಅವಮಾನ ಅನುಭವಿಸಿದ ಊರಿನ ಹುಳುಗಳು ಬರಲಿಲ್ಲ.

ಪಕ್ಕದ ಊರಿನ ವಿಹಾರದ್ದು ಪ್ರಥಮ ದರ್ಜೆಯ ಗ್ರಂಥ. ಅಂದರೆ ಮೇಲಿನ ಹಲಗೆ, ಕೆಳಗಿನ ಹಲಗೆ, ನಡುವೆ ಪುಡಿ. ಅಪ್ಪುಹಾಮಿ ಹೋಗಿ ನಾಲ್ಕು ಹುಳು ಕೇಳಿದ. ಹುಳುಗಳು ಈಗ ಮಂಡಳಿಯ ಅಧೀನದಲ್ಲಿವೆ, ಆದೇಶವಿಲ್ಲದೆ ಕೊಡಲಾಗದು ಎಂದರು. ಆದೇಶಕ್ಕೆ ಬರೆದೆವು. ಅದು ಬಂತು:

"ಸದರಿ ಹುಳುಗಳು ನಿಯೋಜನೆಯ ಮೇರೆಗೆ ತಲವತ್ತೆ ವಿಹಾರದಲ್ಲಿ ಕರ್ತವ್ಯಕ್ಕೆ ಹಾಜರಾಗತಕ್ಕದ್ದು. ಸೇವಾವಧಿಯಲ್ಲಿ ಹುಟ್ಟುವ ಮರಿಗಳು ಮಂಡಳಿಯ ಸ್ವತ್ತು. ಹುಳುಗಳ ಕರ್ತವ್ಯಕ್ಕೆ ಅಡ್ಡಿಯಾಗುವಂತೆ ಯಾರೂ ಗ್ರಂಥವನ್ನು ಓದತಕ್ಕದ್ದಲ್ಲ. ಗ್ರಂಥದಲ್ಲಿ ಇಲ್ಲದ್ದನ್ನು ಇದೆಯೆಂದು ಹೇಳತಕ್ಕದ್ದಲ್ಲ."

ಹುಳುಗಳು ಬಿಸ್ಕತ್ತಿನ ಡಬ್ಬಿಯಲ್ಲಿ, ಕೇಗಲ್ಲೆ ಬಸ್ಸಿನಲ್ಲಿ, ಅಪ್ಪುಹಾಮಿಯ ತೊಡೆಯ ಮೇಲೆ ಕೂತು ಬಂದವು. ಪದ್ಧತಿಯಂತೆ ವೀಳ್ಯದೆಲೆಯ ಕಟ್ಟು ಕೊಟ್ಟು ಸ್ವಾಗತಿಸಿದೆವು. ಅವು ಕೈಚಾಚದ ಕಾರಣ ವಿಜೇತುಂಗ ಮಹತ್ತಯರೇ ಸ್ವೀಕರಿಸಿದರು.

ಹುಳುಗಳು ಕೆಲಸಗಳ್ಳರಾಗಿರಲಿಲ್ಲ. ಬಲುಬೇಗ ನಮಗೆ ತೃತೀಯ ದರ್ಜೆ ಸಿಕ್ಕಿತು, ಆಮೇಲೆ ದ್ವಿತೀಯ. ಸೂರಿನ ಹಣವೂ ಮಂಜೂರಾಯಿತು. ಒಂದೇ ಷರತ್ತು: ಸೂರು ರಿಪೇರಿ ಮಾಡಕೂಡದು, ತೇವವಿಲ್ಲದಿದ್ದರೆ ಹುಳುಗಳಿಗೆ ಆಗಿಬರುವುದಿಲ್ಲ. ಆದ್ದರಿಂದ ಆ ಹಣದಲ್ಲಿ ಗ್ರಂಥ ನೋಡಲು ಬಂದ ಅಧಿಕಾರಿಗಳಿಗೆಲ್ಲ ಟೀ, ಕಾವುಂ ಕಜ್ಜಾಯ ಕೊಡಲಾಯಿತು. ಟೀ, ಕಾವುಂ ಅಪ್ಪುಹಾಮಿಯ ಅಂಗಡಿಯವು.

'ದ್ವಿತೀಯ ದರ್ಜೆ' ಎಂಬ ಹಲಗೆ ತೂಗುಹಾಕಲು ಅಪ್ಪುಹಾಮಿ ಸೋರುವ ಸೂರಿನ ಮೇಲೆ ಹತ್ತಿದ. ಹೆಂಚು ಜಾರಿತು. ಕೆಳಗೆ ಬಿದ್ದು ಮಣಿಕಟ್ಟು ಮುರಿದುಕೊಂಡ.

ಅಕ್ಕ ಬಂದಳು. ವಿಜೇತುಂಗ ಮಹತ್ತಯರು ಅಲ್ಲೇ ಟೀ ಕುಡಿಯುತ್ತಿದ್ದರು. ಅವರ ಅನುಮತಿ ಪಡೆದು ಮಣಿಕಟ್ಟಿನ ಗರಿ ಹೊರತೆಗೆದೆವು.

ಅಕ್ಕ ಓದಿದಳು: "ಮೂಳೆ ಎಳೆದು ಕೂಡಿಸಿ, ಬಿದಿರ ಸೀಳಿಟ್ಟು ಬಿಗಿಯಬೇಕು." ಅದರಂತೆ ಮಾಡಿದಳು. ಅಪ್ಪುಹಾಮಿ ಕೂಗಿಕೊಂಡ. ಅಕ್ಕ ಮುಂದಿನ ಸಾಲಿಗೆ ಹೋಗಿ ಓದು ನಿಲ್ಲಿಸಿದಳು. "ಇಲ್ಲಿಂದ ಮುಂದೆ ಎಣ್ಣೆ ಕಾಯಿಸೋ ಕ್ರಮ ಇತ್ತು. ತಿಂದುಬಿಟ್ಟಿವೆ."

"ನಿನಗೆ ಬಾಯಿಪಾಠ ಇದೆಯಲ್ಲಕ್ಕಾ," ಅಂದೆ ನಾನು.

"ಇದೆ. ಆದರೆ ತೂತಲ್ಲಿರೋದನ್ನ ಓದಬಹುದಾ, ಮಹತ್ತಯ?"

"ಓದೋ ಹಾಗಿಲ್ಲ," ಎಂದರು ಮಹತ್ತಯರು. "ತೂತು ಮಂಡಳಿದು. ಉಳಿದಿರೋದನ್ನ ಓದಿ."

"ಉಳಿದಿರೋದು ಇಷ್ಟೇ: 'ಬಾಯಿ ಕಟ್ಟಿ ಮೂರು ದಿನ ಇಡಬೇಕು.'"

"ಯಾರ ಬಾಯಿ?" ಅಪ್ಪುಹಾಮಿ ಗಾಬರಿಯಿಂದ ಕೇಳಿದ.

"ಮುಂಚೆ ಎಣ್ಣೆ ಗಡಿಗೆ ಬಾಯಿ ಅಂತಿತ್ತು. ಗಡಿಗೆ ತಿಂದಿವೆ. ಈಗ ಇಲ್ಲಿರೋದು ನಿನ್ನ ಬಾಯಿ ಒಂದೇ."

ಅಪ್ಪುಹಾಮಿ ಮಹತ್ತಯರ ಕಡೆ ನೋಡಿದ. ಗ್ರಂಥದಲ್ಲಿ ಇದ್ದ ಹಾಗೆ ನಡೆಯುವುದು ಒಳ್ಳೆಯದು ಎಂದರು ಅವರು. ಅಕ್ಕ ಬಿಳಿ ಬಟ್ಟೆಯಿಂದ ಅಚ್ಚುಕಟ್ಟಾಗಿ ಕಟ್ಟಿ, ಗಂಜಿ ಹೀರಲು ಒಂದು ಪಪ್ಪಾಯಿ ಎಲೆಯ ದಂಟಿನ ಕೊಳವೆ ಇಟ್ಟಳು. ಆ ಮೂರು ದಿನ ಟೀ ಅಂಗಡಿಯಲ್ಲಿ ಒಂದೂ ಜಗಳವಾಗಲಿಲ್ಲ. ಕೈ ನಿಧಾನವಾಗಿ ಕೂಡಿಕೊಂಡಿತು. ಶ್ರೇಯಸ್ಸು ಬಾಯಿಕಟ್ಟಿಗೆ ಸಂದಿತು. ಮಂಡಳಿ ಅದನ್ನು ಲುಪ್ತವಾಗಿದ್ದ ಪ್ರಾಚೀನ ಚಿಕಿತ್ಸೆಯೆಂದು ಪ್ರಕಟಿಸಿತು. ಕೊಲಂಬೋದಿಂದ ಜನ ಕಾರಿನಲ್ಲಿ ಬಂದು ಬಾಯಿ ಕಟ್ಟಿಸಿಕೊಂಡು ಹೋಗತೊಡಗಿದರು.

ಒಂದು ಸಂಜೆ ನಾನು ಗ್ರಂಥದ ಕೋಣೆಗೆ ಹೋದಾಗ ಅಕ್ಕ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಅಪ್ಪನ ಅಕ್ಷರ ಯಾವುದು, ಅಜ್ಜಂದು ಯಾವುದು ಅಂತ ಈಗ ಗೊತ್ತಾಗ್ತಿಲ್ಲ ಕಣೋ," ಅಂದಳು. "ನನ್ನ ತಲೇಲಿದೆ. ತಲೆ ನನ್ನ ಜೊತೆ ಸುಡುಗಾಡಿಗೆ ಹೋಗುತ್ತೆ. ಆಮೇಲೆ ನನ್ನ ಮಗಳು ಏನು ನೋಡಿ ಕಲೀಬೇಕು, ಈ ಪುಡೀನಾ?"

ಮರುದಿನವೇ ಶುರು ಮಾಡಿದಳು. ಶ್ರೀತಾಳೆಯ ಅರಳದ ಸುಳಿ ಕಡಿಸಿದಳು. ಗರಿಗಳ ನಡುವಿನ ಕಡ್ಡಿ ತೆಗೆದು, ಸುರುಳಿ ಸುತ್ತಿ, ಹಸಿ ಪಪ್ಪಾಯಿ, ಅನಾನಸ್ ಎಲೆ ಹಾಕಿ ಬೇಯಿಸಿದಳು. ಬಿಸಿಲಿಗೂ ಇಬ್ಬನಿಗೂ ಒಡ್ಡಿ, ನುಣುಪು ಮರದ ಕಾಂಡಕ್ಕೆ ತಿಕ್ಕಿ ತಿಕ್ಕಿ ಹೊಳಪು ಬರಿಸಿದಳು. ಮಗಳು ಗರಿ ಹಿಡಿದುಕೊಂಡಳು, ಅಕ್ಕ ಬಾಯಿಪಾಠ ಹೇಳಿದಳು, ಪಿಯರತನ ಹಾಮುದುರುಗಳು ಕಬ್ಬಿಣದ ಕಂಟದಿಂದ ಕೊರೆದು ಬರೆದರು. ಎಣ್ಣೆ ಕಾಯಿಸುವ ಕ್ರಮ ಬಂದಾಗ ಗಡಿಗೆ ಎಂಬ ಮಾತನ್ನು ಅಕ್ಕ ಎರಡು ಸಲ ಬರೆಸಿದಳು.

ಗ್ರಂಥ ಸಿದ್ಧವಾದ ಸುದ್ದಿ ಮಂಡಳಿಗೆ ಮುಟ್ಟಿತು. ವಿಜೇತುಂಗ ಮಹತ್ತಯರು ಬಂದು ಗರಿಗಳನ್ನು ಮುಟ್ಟಿ, ಮೂಸಿ, ಬೆಳಕಿಗೆ ಹಿಡಿದು ನೋಡಿದರು. ಅವರ ಕಣ್ಣು ತುಂಬಿತು.

"ಇಷ್ಟು ಒಳ್ಳೆ ಕೆಲಸ ನಾನು ನೋಡೇ ಇಲ್ಲ," ಎಂದರು. "ನಮ್ಮ ಹುಳುಗಳು ಹಸಿದಿವೆ. ಇದ್ದದ್ದನ್ನೆಲ್ಲ ಮುಗಿಸಿ ಈಗ ಪೆಟ್ಟಿಗೆ ಹಲಗೆ ಕಡೀತಿವೆ. ದೇಶದಲ್ಲೆಲ್ಲೂ ಸರಿಯಾದ ಆಹಾರ ಸಿಗ್ತಿಲ್ಲ."

"ಇದು ಆಹಾರ ಅಲ್ಲ, ಮಹತ್ತಯ. ಗ್ರಂಥ."

"ತೂತಿಲ್ಲವಲ್ಲ, ಅಕ್ಕಾ."

ಹೊಸ ಗ್ರಂಥ ಹುಳುಗಳ ಪಾಲಾಯಿತು; ಪುಡಿಯಾಗಿದ್ದ ಹಳೆಯದು ಆ ವಾರವೇ ಪ್ರಥಮ ದರ್ಜೆಗೇರಿತು. ಜೊತೆಗೇ, ಪ್ರತಿ ವರ್ಷ ವೆಸಾಕ್ ಹಬ್ಬದ ಹೊತ್ತಿಗೆ ಒಂದು ಹೊಸ ಗ್ರಂಥವನ್ನು ಎಣ್ಣೆ ಹಚ್ಚದೆ ಹುಳುಗಳ ಮೇವಿಗಾಗಿ ಒಪ್ಪಿಸುವ ಕೆಲಸವನ್ನು ತಲವತ್ತೆಗೆ ವಹಿಸಲಾಯಿತು. ತಾಳೆಗರಿಯ ಕಲೆ ಹೀಗೆ ನಮ್ಮಲ್ಲಿ ಪುನರುಜ್ಜೀವನಗೊಂಡಿದೆ. ಅಕ್ಕನ ಮಗಳಿಗೆ ಈಗ ಹಾಮುದುರುಗಳಿಗಿಂತ ಚೆನ್ನಾಗಿ ಕೊರೆಯಲು ಬರುತ್ತದೆ. ವರ್ಷವರ್ಷವೂ ಬರೆದೂ ಬರೆದೂ ಇಡೀ ಗ್ರಂಥ ಅವಳಿಗೂ ಬಾಯಿಪಾಠವಾಗಿದೆ. ಆದರೆ ಬಾಯಿಪಾಠದಿಂದ ಚಿಕಿತ್ಸೆ ಮಾಡುವುದು ನಿಷಿದ್ಧ.

ಗ್ರಂಥ ಬರೆದು ಮುಗಿಯುವುದಕ್ಕೂ ಹುಳುಗಳಿಗೆ ಒಪ್ಪಿಸುವುದಕ್ಕೂ ನಡುವೆ ಒಂದು ತಿಂಗಳು ಸಿಗುತ್ತದೆ. ಆಗ ಅದನ್ನು ಓದಲು ಅಡ್ಡಿಯಿಲ್ಲವೆಂದು ಮಂಡಳಿ ಸ್ಪಷ್ಟಪಡಿಸಿದೆ. ಅಕ್ಕ ಮತ್ತು ಮಗಳು ಆ ತಿಂಗಳು ಎಣ್ಣೆ ಕಾಯಿಸುತ್ತಾರೆ, ಗಡಿಗೆಯ ಬಾಯಿ ಕಟ್ಟುತ್ತಾರೆ. ನಮ್ಮೂರಿನವರೂ ಹೊಂದಿಕೊಂಡಿದ್ದಾರೆ. ಹಲಸಿನ ಮರ ಹತ್ತುವವರು, ಬಗನಿ ಮರದಿಂದ ರಸ ಇಳಿಸುವವರು, ಹೊಸದಾಗಿ ಸೈಕಲ್ ಕಲಿಯುವವರು ಎಲ್ಲರೂ ಆ ತಿಂಗಳಿಗಾಗಿ ಕಾಯುತ್ತಾರೆ. ಬೇರೆ ಸಮಯದಲ್ಲಿ ತಲವತ್ತೆಯಲ್ಲಿ ಯಾರೂ ಬೀಳುವುದಿಲ್ಲ.