ಬದುಕಿರುವವರ ಫೋಟೋ

ಹೊಸದುರ್ಗದ ಫೋಟೋಗ್ರಾಫರ್ ಜುಂಜಪ್ಪನ ಕಷ್ಟಗಳಿಗೆಲ್ಲ ಮೂಲ ಬಾಗೂರಿನ ಗೌಡರ ಗದ್ದ.

ಗೌಡರು ಬದುಕಿದ್ದಾಗ ಒಂದು ಫೋಟೋ ತೆಗೆಸಿಕೊಂಡವರಲ್ಲ. ಸತ್ತ ಮೇಲೆ ಮನೆಯವರಿಗೆ ಅದು ನೆನಪಾಗಿ, ಆಗಷ್ಟೇ ಸ್ಟುಡಿಯೋ ತೆರೆದಿದ್ದ ಜುಂಜಪ್ಪನನ್ನು ಕರೆಸಿದರು. ಗೌಡರನ್ನು ಕುರ್ಚಿಯಲ್ಲಿ ಕೂರಿಸಿ, ಪಂಚೆಯಿಂದ ಸೊಂಟ ಬಿಗಿದು, ವಿಭೂತಿ ಹಚ್ಚಿ ಹಾರ ಹಾಕಿದ್ದರು. ಗದ್ದ ಮಾತ್ರ ಎತ್ತಿದಷ್ಟು ಸಲ ಎದೆಯ ಮೇಲೆ ಬೀಳುತ್ತಿತ್ತು. ಜುಂಜಪ್ಪ ತನ್ನ ಕರವಸ್ತ್ರವನ್ನು ದಪ್ಪಗೆ ಮಡಿಸಿ, ಹಾರದ ಮರೆಯಲ್ಲಿ ಗದ್ದಕ್ಕೆ ಆನಿಕೆ ಕೊಟ್ಟ. ಫೋಟೋ ನೋಡಿದ ಗೌಡರ ಹೆಂಡತಿ, "ಜೀವ ಇದ್ದಾಗ ಒಂದಿನಾನೂ ಹಿಂಗೆ ತಣ್ಣಗೆ ಕುಂತಿರ್ಲಿಲ್ಲ ಕಣಪ್ಪ," ಎಂದು ಎರಡನೇ ಸಲ ಅತ್ತಳು.

ಅಲ್ಲಿಂದ ಜುಂಜಪ್ಪನ ಹೆಸರು ತಾಲ್ಲೂಕಿನ ತುಂಬ ಹರಡಿತು. ಎಲ್ಲಿ ಯಾರು ತೀರಿಕೊಂಡರೂ ಮೊದಲು ನೆಂಟರಿಗೆ ಹೇಳಿ ಕಳಿಸುತ್ತಿದ್ದರು, ಆಮೇಲೆ ಜುಂಜಪ್ಪನಿಗೆ. ಮದುವೆ ಮನೆಯವರು ಮಾತ್ರ ಅವನನ್ನು ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದರು. ಕಾಯಿಲೆಯವರಿದ್ದ ಮನೆಯ ಮುಂದೆ ಅವನು ಸೈಕಲ್ ನಿಲ್ಲಿಸಿ ಚೈನು ಹಾಕಿಕೊಂಡರೂ ಒಳಗೆ ಗೋಳು ಶುರುವಾಗುತ್ತಿತ್ತು. ಇಂಥವನಿಗೆ ಹೆಣ್ಣು ಕೊಡುವವರಾದರೂ ಯಾರು? ವಯಸ್ಸು ಮೂವತ್ತು ದಾಟಿತ್ತು. ಮನೆಗೆ ಹೋದರೆ ಅನ್ನ ಮಾಡಿಕೊಳ್ಳುವವನೂ ಅವನೇ, ಚೆನ್ನಾಗಿಲ್ಲ ಎನ್ನುವವನೂ ಅವನೇ.

ಹೀಗಿರುವಾಗ ಮಾಡದಕೆರೆಯ ರಂಗಸ್ವಾಮಿಯ ಮಗಳು ಕೀರ್ತನಾ ಯಾವುದೋ ಅರ್ಜಿಗೆಂದು ಫೋಟೋ ತೆಗೆಸಲು ಬಂದಳು. ಊರಿನವರ ಹಾಗೆ ಹೊಸ್ತಿಲಲ್ಲೇ ನಿಂತು ಅನುಮಾನಿಸಲಿಲ್ಲ. ಸ್ಟೂಲಿನ ಮೇಲೆ ಕುಳಿತು, "ಕಣ್ಣು ಬಿಟ್ಕೊಂಡಿರ್ಬೇಕಾ, ಮುಚ್ಚಿರ್ಬೇಕಾ?" ಎಂದು ಕೇಳಿ ತಾನೇ ನಕ್ಕಳು. ಜುಂಜಪ್ಪ ಗುಂಡಿ ಒತ್ತುವುದನ್ನೇ ಮರೆತ. ನಗುವವರನ್ನು ಕ್ಯಾಮೆರಾದೊಳಗಿಂದ ನೋಡಿ ಅವನಿಗೆ ಅಭ್ಯಾಸವೇ ಇರಲಿಲ್ಲ. ಆಮೇಲೆ ಅವಳು ಫೋಟೋ ಇಸಿದುಕೊಳ್ಳಲು ಒಂದು ಸಲ, ಚೆನ್ನಾಗಿ ಬಂದಿದೆ ಎಂದು ಹೇಳಲು ಇನ್ನೊಂದು ಸಲ ಬಂದಳು. ಹೇಳಲೆಂದೇ ಯಾರೂ ಬರುವುದಿಲ್ಲ ಎಂಬುದು ಅವನಿಗೂ ಗೊತ್ತಾಯಿತು. ಧೈರ್ಯ ಮಾಡಿ ಮಾಡದಕೆರೆಗೆ ಹೋಗಿ ಹೆಣ್ಣು ಕೇಳಿದ.

ರಂಗಸ್ವಾಮಿ ಕೆಟ್ಟವನಲ್ಲ. ಮಜ್ಜಿಗೆ ಕೊಟ್ಟು ಕೂರಿಸಿದ. "ನೋಡಪ್ಪ, ಹುಡುಗ ನೀನು ಒಳ್ಳೆಯೋನೇ. ಆದ್ರೆ ನಾಳೆ ನನ್ ಮಗಳನ್ನ ಹೆಣದ ಫೋಟೋದೋನ ಹೆಂಡ್ತಿ ಅಂತಾರೆ. ನೀನು ಬದುಕಿರೋರ ಫೋಟೋ ಒಂದು ತೆಗಿ. ಅದು ಪೇಪರ್‌ನಾಗೆ ಬರ್ಲಿ, ಕೆಳಗೆ ನಿನ್ ಹೆಸರಿರ್ಲಿ. ನಾಕು ಜನ ನೋಡಿ ಹೌದು ಅನ್ನಲಿ. ಆಮೇಲೆ ಕುಂತು ಮಾತಾಡಾಣ."

ಎರಡು ಸಾವಿರದ ಇಸವಿ ಕಳೆದ ಹೊಸತು. ಮಾರಿಕಣಿವೆ ಜಲಾಶಯಕ್ಕೆ ನೀರು ಚೆನ್ನಾಗಿ ಬಂದಿತ್ತು. ಆ ನೀರು ನೋಡಿ ಕಂಟ್ರಾಕ್ಟರ್ ಶಿವಕುಮಾರಪ್ಪನ ತಲೆಗೆ ಒಂದು ಯೋಚನೆ ಹತ್ತಿತು. ಹೊರದೇಶಗಳಲ್ಲಿ ರಾಕ್ ಹಾಡುವವರನ್ನು ಹಡಗಿನಲ್ಲಿ ಕೂರಿಸಿಕೊಂಡು ಹೋಗಿ, ಸಮುದ್ರದ ನಡುವೆ ಹಾಡಿಸುತ್ತಾರೆಂದು ಅವನು ಟೀವಿಯಲ್ಲಿ ನೋಡಿದ್ದ. "ನಮಗೆ ಸಮುದ್ರ ಇಲ್ದಿದ್ರೆ ಏನಾತು, ಮಾರಿಕಣಿವೆ ಐತೆ," ಎಂದು ಬೆಂಗಳೂರಿನಿಂದ 'ಕರಿಮೋಡ' ಎಂಬ ತಂಡವನ್ನು ಗೊತ್ತುಮಾಡಿಯೇಬಿಟ್ಟ. ಕಾರ್ಯಕ್ರಮದ ದಿನ ಒಳ್ಳೆಯ ಮುಹೂರ್ತವಿದ್ದು ಹಿರಿಯೂರು, ಹೊಸದುರ್ಗದ ಫೋಟೋಗ್ರಾಫರುಗಳೆಲ್ಲ ಮದುವೆ ಮನೆಗಳಲ್ಲಿದ್ದರು. ಬಿಡುವಾಗಿದ್ದವನು ಜುಂಜಪ್ಪ ಒಬ್ಬನೇ. ಬೇರೆ ದಾರಿಯಿಲ್ಲದೆ ಅವನನ್ನೇ ಕರೆದರು. ಪತ್ರಿಕೆಗೆ ಸುದ್ದಿ ಕಳಿಸುವ, ಉಳಿದ ಹೊತ್ತಿನಲ್ಲಿ ಗೊಬ್ಬರದ ಅಂಗಡಿ ನಡೆಸುವ ಗೋವಿಂದಪ್ಪನೂ ಬರುವವನಿದ್ದ. ಜುಂಜಪ್ಪನಿಗೆ ಕಂಕಣಬಲವೇ ಕೂಡಿ ಬಂದಂತಾಯಿತು.

ಹಡಗೆಂದರೆ, ಮೀನು ಸಾಗಿಸುವ ಎರಡು ದೋಣಿಗಳನ್ನು ಜೋಡಿಸಿ ಕಟ್ಟಿ, ಮೇಲೆ ಹಲಗೆ ಬಡಿದು, ಶಾಮಿಯಾನ ಎತ್ತಿದ್ದರು. ಒಂದು ಮೂಲೆಯಲ್ಲಿ ಜನರೇಟರ್, ಹಿಂದೆ ಎಂಜಿನ್, ಎಂಜಿನ್ನಿನ ಹತ್ತಿರ ಬೀಡಿ ಸೇದುತ್ತ ದೋಣಿಯ ಬೋರಣ್ಣ. ಕರಿಮೋಡದ ನಾಲ್ಕು ಹುಡುಗರು ಬೆನ್ನು ಮುಚ್ಚುವಷ್ಟು ಕೂದಲು ಬಿಟ್ಟು, ಬಿಸಿಲಿಗೆ ಕಪ್ಪು ಕೋಟು ಹಾಕಿಕೊಂಡು ಬಂದಿಳಿದರು. ದಡದಲ್ಲೇ ಶಿವಕುಮಾರಪ್ಪ ಅವರಿಗೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಸಾಕು ಸಾಕೆನ್ನುವವರೆಗೆ ತಿನ್ನಿಸಿದ.

ತಂಡದ ಹಾಡುಗಾರ ಅಂಜನ್ ಬೆರಳು ಚೀಪುತ್ತ ಜುಂಜಪ್ಪನ ಬಳಿ ಬಂದ. "ಸರ್, ನಮ್ಮನ್ನ ನಿಲ್ಲಿಸಿ ತೆಗೀಬೇಡಿ. ನಾವು ಹಾರ್ತಾ ಇರ್ಬೇಕು, ಕಿರುಚ್ತಾ ಇರ್ಬೇಕು. ಫೋಟೋ ನೋಡಿದೋರಿಗೆ ಫುಲ್ ಲೈಫ್ ಕಾಣಿಸ್ಬೇಕು."

"ನನಗೂ ಅದೇ ಬೇಕಾಗಿರೋದು ಸ್ವಾಮಿ," ಎಂದ ಜುಂಜಪ್ಪ. ಅವನ ಕಣ್ಣಲ್ಲಿ ನೀರಾಡಿದ್ದು ನೋಡಿ ಅಂಜನ್ ಗಾಬರಿಯಾದ.

ದೋಣಿ ಹೊರಟಿತು. ಹಾಡು ಶುರುವಾಗುವ ಮೊದಲೇ ಶಿವಕುಮಾರಪ್ಪ ಎದ್ದು ನಿಂತ. "ಫೋಟೋದೋರೇ, ಬರ್ರಿ, ಮೊದ್ಲು ನಮ್ಮನೆಯೋರ್ದು ಒಂದು ಹೊಡೀರಿ." ಅವನ ಮನೆಯವರೆಂದರೆ ಅರ್ಧ ದೋಣಿ. ಭಾವಮೈದುನ ಡ್ರಮ್ಮಿನ ಮೇಲೆ ಕೈಯಿಟ್ಟು ನಿಂತ. ಅತ್ತೆ ಗಿಟಾರು ಹಿಡಿದುಕೊಂಡು ಕುಳಿತರು. ಬೀಗರು ಬಿಟ್ಟುಹೋದರೆಂದು ಮತ್ತೊಂದು, ಬೀಗರ ಕಣ್ಣು ಮುಚ್ಚಿತೆಂದು ಇನ್ನೊಂದು. ಹಿರಿಯರಿಗೆ ಇಲ್ಲವೆನ್ನುವುದು ಜುಂಜಪ್ಪನಿಗೆ ಬರುವುದಿಲ್ಲ. ಅವನ ಗಿರಾಕಿಗಳು ಹೀಗೆ ಜಾಗ ಬದಲಿಸಿ ಮತ್ತೆ ಮತ್ತೆ ನಿಂತವರೇ ಅಲ್ಲ. ರೀಲು ಮುಗಿಯುತ್ತ ಬಂತು.

ಇನ್ನೊಂದು ರೀಲಿತ್ತು. ನೀರು ಸಿಡಿಯದ ಜಾಗ ಹುಡುಕಿ, ಶಿವಕುಮಾರಪ್ಪನ ಹೆಂಡತಿ ಯಶೋಧಾ ಎದುರಿಗಿಟ್ಟುಕೊಂಡಿದ್ದ ಮೊರದಲ್ಲಿ, ಬಾಳೆಹಣ್ಣಿನ ಪಕ್ಕ ಅದರ ಡಬ್ಬಿ ಇಟ್ಟಿದ್ದ. ಮೊರದ ಮೇಲೆ ಇನ್ನೊಂದು ಮೊರ ಮುಚ್ಚಿದ್ದರಿಂದ ಇದಕ್ಕಿಂತ ಭದ್ರ ಜಾಗ ಬೇರೆ ಇಲ್ಲವೆಂದುಕೊಂಡಿದ್ದ. ದೋಣಿ ನಡುನೀರಿಗೆ ಬಂದಾಗ ಯಶೋಧಾ ಎದ್ದು ಕೈಮುಗಿದು, "ತಾಯಿ ಗಂಗವ್ವ, ಎಲ್ಲರ್ನೂ ಕಾಪಾಡು," ಎಂದು ಬಾಗಿನವನ್ನು ನೀರಿಗೆ ಬಿಟ್ಟಳು.

"ಅಕ್ಕಾ, ಅದ್ರಾಗೆ ನನ್ನ ರೀಲು!" ಜುಂಜಪ್ಪ ಕೂಗಿದ.

"ಕೊಟ್ಟ ಬಾಗಿನ ವಾಪಸ್ ಕೇಳಬಾರ್ದು ಕಣಪ್ಪ," ಎಂದಳು ಯಶೋಧಾ. ಮೊರ ಒಂದು ಸುತ್ತು ತಿರುಗಿ ಮುಳುಗಿತು. ಕ್ಯಾಮೆರಾದಲ್ಲಿ ಉಳಿದದ್ದು ಕೊನೆಯ ಒಂದು ಫೋಟೋಗೆ ಆಗುವಷ್ಟು. ಒಂದಾದರೆ ಒಂದು, ಅಂಜನ್ ಗಾಳಿಯಲ್ಲಿರುವಾಗ ಹೊಡೆಯುತ್ತೇನೆಂದು ಅವನು ಹಲ್ಲು ಕಚ್ಚಿಕೊಂಡು ಕಾದ.

ಹಾಡು ಶುರುವಾಯಿತು. ಅಂಜನ್ ಕಿರುಚಿ ಮೇಲಕ್ಕೆ ಹಾರಿದ. ಜುಂಜಪ್ಪ ಕ್ಯಾಮೆರಾ ಎತ್ತುವಷ್ಟರಲ್ಲಿ ಅವನು ಕೆಳಗೆ ಬಂದ, ದೋಣಿ ವಾಲಿತು. ಶಿವಕುಮಾರಪ್ಪನ ಮನೆಯವರೆಲ್ಲ ಒಂದೇ ಬದಿಗೆ ಜಾರಿ ಜುಂಜಪ್ಪನ ಮೇಲೆ ಬಿದ್ದರು.

"ಲೇ, ಕುಣೀಬ್ಯಾಡ್ರೋ! ನೀವು ಕುಣಿದ್ರೆ ದೋಣಿನೂ ಕುಣೀತೈತೆ!" ಬೋರಣ್ಣ ಬೀಡಿ ಉಗಿದು ಕೂಗಿದ.

ಹುಡುಗರಿಗೆ ಕೇಳಿಸಲಿಲ್ಲ. ಅಷ್ಟರಲ್ಲಿ ಗಾಳಿ ಎದ್ದಿತು. ಎಂಜಿನ್ ಕೆಮ್ಮಿ ನಿಂತಿತು, ಜನರೇಟರ್ ಅದನ್ನು ಹಿಂಬಾಲಿಸಿತು. ದೋಣಿ ಇದ್ದಲ್ಲೇ ತೊಟ್ಟಿಲಿನ ಹಾಗೆ ತೂಗತೊಡಗಿತು. ಸುಡುವ ಬಿಸಿಲು, ಕಪ್ಪು ಕೋಟು, ಹೊಟ್ಟೆಯಲ್ಲಿ ಬಜ್ಜಿ. ಮೊದಲು ಡ್ರಮ್ಮಿನವನು ದೋಣಿಯ ಅಂಚು ಹಿಡಿದು ಬಾಗಿದ, ಆಮೇಲೆ ಗಿಟಾರಿನ ಇಬ್ಬರು. ಅಂಜನ್ ಎಲ್ಲರಿಗಿಂತ ಹೆಚ್ಚು ಹೊತ್ತು ಬಾಗಿದ್ದ. ನಾಲ್ವರೂ ಹಲಗೆಯ ಮೇಲೆ ಉರುಳಿ, "ಅಮ್ಮಾ" ಎಂದು ಕಣ್ಣು ಮುಚ್ಚಿದರು. ಬೋರಣ್ಣ ಎಂಜಿನ್ ಬಿಚ್ಚಿ ಕುಳಿತ. ಹೊತ್ತು ಇಳಿಯತೊಡಗಿತು.

"ಏನಪ್ಪ, ಸಂಜೆ ಬಸ್ಸಿಗೆ ಫೋಟೋ ಚಿತ್ರದುರ್ಗದ ಪೇಪರ್ ಆಫೀಸಿಗೆ ಹೋಗ್ಬೇಕು," ಎಂದ ಗೋವಿಂದಪ್ಪ. "ಇಲ್ದಿದ್ರೆ ನಾಳೆ ಆ ಜಾಗಕ್ಕೆ ಕಡ್ಲೆಕಾಯಿ ರೇಟು ಹಾಕ್ತಾರೆ."

ಜುಂಜಪ್ಪ ಹುಡುಗರ ಕಡೆ ನೋಡಿದ. ಅವನಿಗೆ ಅಳು ಬಂತು. ಹಾರುವುದಿರಲಿ, ಅವರಿಗೆ ಕುಳಿತುಕೊಳ್ಳುವ ಶಕ್ತಿಯೂ ಇರಲಿಲ್ಲ. "ಸ್ವಾಮಿ, ಒಂದೇ ಒಂದ್ಸಲ ಎದ್ದು ನಗ್ರಿ," ಎಂದು ಅಂಜನ್‌ನ ಕಾಲು ಹಿಡಿದುಕೊಂಡ. ಅಂಜನ್ ನಗಲು ಬಾಯಿ ತೆರೆದ. ಬಂದದ್ದು ನಗುವಲ್ಲ.

"ಕುರ್ಚಿ ಮ್ಯಾಲೆ ಕುಂದ್ರಿಸ್ರಿ, ಸನ್ಮಾನ ಮಾಡಾಣ. ಹಾರ ಒಣಗ್ತಾ ಅವೆ," ಎಂದ ಶಿವಕುಮಾರಪ್ಪ. ನಾಲ್ಕು ಕುರ್ಚಿ ಹಾಕಿ ಎತ್ತಿ ಕೂರಿಸಿದರು. ದೋಣಿ ಅಲುಗಿದಾಗೆಲ್ಲ ಹುಡುಗರು ಜಾರುತ್ತಿದ್ದರು. ಯಾರ್ಯಾರದೋ ಶಲ್ಯಗಳಿಂದ ಸೊಂಟವನ್ನು ಕುರ್ಚಿಗೆ ಕಟ್ಟಿದರು. ದೃಷ್ಟಿ ತಾಗಿದೆಯೆಂದು ಯಶೋಧಾ ಹಣೆಗೆ ವಿಭೂತಿ ಹಚ್ಚಿದಳು. ಶಿವಕುಮಾರಪ್ಪ ಸೇವಂತಿಗೆ ಹಾರ ಹಾಕಿ ಹಿಂದೆ ಕೈಕಟ್ಟಿ ನಿಂತ. ಅವನ ಮನೆಯವರೂ ಸಾಲಾಗಿ ನಿಂತರು. ಹಸಿವು, ಬಿಸಿಲು, ದಡ ಮುಟ್ಟುವ ಚಿಂತೆ; ಯಾರ ಮುಖದಲ್ಲೂ ಕಳೆಯಿರಲಿಲ್ಲ.

ಹುಡುಗರ ಗದ್ದಗಳು ಎದೆಯ ಮೇಲೆ ಬಿದ್ದಿದ್ದವು. ಜುಂಜಪ್ಪ ಏನು ಮಾಡುತ್ತಿದ್ದೇನೆಂದು ಯೋಚಿಸಲಿಲ್ಲ. ಅವನ ಕೈ ತಾನಾಗಿ ಜೇಬಿಗೆ ಹೋಯಿತು. ಕರವಸ್ತ್ರ ಮಡಿಸಿತು, ಹಾರದ ಮರೆಯಲ್ಲಿ ಅಂಜನ್‌ನ ಗದ್ದಕ್ಕೆ ಆನಿಕೆ ಕೊಟ್ಟಿತು, ಉಳಿದವರಿಗೆ ಕ್ಯಾಮೆರಾ ಒರೆಸುವ ಬಟ್ಟೆ ಹರಿದು ಇಟ್ಟಿತು. ಹಣೆಯ ಕೂದಲು ಸರಿಸಿತು, ಎರಡೂ ಕೈ ತೊಡೆಯ ಮೇಲೆ ಜೋಡಿಸಿತು. ಎಷ್ಟೋ ವರ್ಷದ ಅಭ್ಯಾಸ. ಫ್ಲ್ಯಾಶ್ ಮಿಂಚಿತು. ಅಲ್ಲಿಗೆ ರೀಲು ಮುಗಿಯಿತು.

ಬೋರಣ್ಣನ ಎಂಜಿನ್ ಕೊನೆಗೂ ಗುಟುರು ಹಾಕಿತು, ದೋಣಿ ದಡ ಸೇರಿ ರೀಲು ಸಂಜೆಯ ಬಸ್ಸು ಹತ್ತಿತು. ಮರುದಿನ ಫೋಟೋ ಪತ್ರಿಕೆಯಲ್ಲಿ ಬಂತು. ಕೆಳಗೆ 'ಚಿತ್ರ: ಜುಂಜಪ್ಪ' ಎಂದೂ ಇತ್ತು. ತಾಲ್ಲೂಕಿನಲ್ಲಿ ಅದರ ಪಕ್ಕದ ಸುದ್ದಿ ಓದಿದವರು ಯಾರೂ ಇಲ್ಲ. ಕುರ್ಚಿ, ಹಾರ, ವಿಭೂತಿ, ಮುಚ್ಚಿದ ಕಣ್ಣು, ಹಿಂದೆ ಜೋಲುಮುಖದ ಬಂಧುಬಳಗ, ಸಾಲದ್ದಕ್ಕೆ ಜುಂಜಪ್ಪನ ಹೆಸರು, ಇನ್ನು ಓದುವುದಕ್ಕೇನಿದೆ? "ಅಯ್ಯೋ, ನಾಕೂ ಜನಾನೂ ಮಾರಿಕಣಿವೆ ಪಾಲಾದ್ರಾ!" ಎಂದು ಹೋಟೆಲುಗಳಲ್ಲಿ ಚಹಾ ಆರಿತು. ಕಾಲೇಜಿನ ಹುಡುಗರು ಮೌನ ಆಚರಿಸಿ ರಜೆ ಕೇಳಿದರು. ಹಿರಿಯೂರಿನಲ್ಲಿ ಗ್ಲೂಕೋಸ್ ಹಾಕಿಸಿಕೊಂಡು ಮಲಗಿದ್ದ ಅಂಜನ್‌ನನ್ನು ನೋಡಲು ಅವನ ತಾಯಿ ಬೆಂಗಳೂರಿನಿಂದ ಟ್ಯಾಕ್ಸಿಯಲ್ಲಿ ಅಳುತ್ತ ಬಂದು, ಅವನು ಇಡ್ಲಿ ತಿನ್ನುತ್ತಿದ್ದುದನ್ನು ಕಂಡು ಕಪಾಳಕ್ಕೆ ಹೊಡೆದರಂತೆ. ನಿಜ ಸಂಗತಿ ಎಲ್ಲರಿಗೂ ತಿಳಿದು ಗದ್ದಲ ಅಡಗಲು ಒಂದು ವಾರ ಬೇಕಾಯಿತು. ಆ ವಾರವೆಲ್ಲ ಜುಂಜಪ್ಪ ಸ್ಟುಡಿಯೋದ ಬಾಗಿಲು ಅರ್ಧ ಮುಚ್ಚಿ ಒಳಗೆ ಕುಳಿತಿದ್ದ. ಆದರೂ ಅವನ ಮನಸ್ಸು ಒಳಗೊಳಗೇ ವಾದ ಹೂಡುತ್ತಿತ್ತು: ಆ ಹುಡುಗರು ಬದುಕಿರುವುದಂತೂ ನಿಜ. ಫೋಟೋ ಪೇಪರಿನಲ್ಲಿ ಬಂದದ್ದೂ ನಿಜ, ಕೆಳಗೆ ಹೆಸರಿರುವುದೂ ನಿಜ.

ಒಂದು ಬೆಳಿಗ್ಗೆ ಬಾಗಿಲಿಗೆ ಆಟೋ ಬಂದು ನಿಂತಿತು. ಇಳಿದವನು ರಂಗಸ್ವಾಮಿ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಹೂವು ಹಣ್ಣಿನ ಚೀಲ. ಹಿಂದಿನಿಂದ ಕೀರ್ತನಾ ಇಳಿದಳು. ಜುಂಜಪ್ಪ ದಡಬಡಿಸಿ ಎದ್ದ. ಓಡಿಹೋಗಿ ಬಾಗಿಲನ್ನು ಪೂರಾ ತೆರೆದು, "ಬರ್ರಿ ಮಾವ, ಕುಂತ್ಕಳ್ರಿ," ಎಂದ. ಬಾಯಿ ತಪ್ಪಿ ಮಾವ ಎಂದದ್ದಕ್ಕೆ ಕಿವಿ ಬಿಸಿಯಾಯಿತು.

"ನೀನು ತೆಗ್ದಿದ್ದು ನೋಡ್ದೆ ಕಣಪ್ಪ," ಎಂದ ರಂಗಸ್ವಾಮಿ. "ನಾಕು ಜನ ನೋಡಿ ಹೌದು ಅನ್ನಲಿ ಅಂದಿದ್ದೆ. ಇಡೀ ತಾಲ್ಲೂಕು ನೋಡ್ತು. ಎಲ್ಲರೂ ಹೆಣ ಅಂದ್ರು. ನಾನೇನ್ ಮಾಡ್ಲಿ ಹೇಳು?" ಅವನ ದನಿಯಲ್ಲಿ ನಿಜವಾದ ಮರುಕವಿತ್ತು. "ಹೊಳಲ್ಕೆರೆ ಕಡೆ ಒಂದು ಸಂಬಂಧ ಬಂದಿತ್ತು, ಒಪ್ಕಂಡ್ವಿ. ಮದುವೆಗೆ ತಪ್ಪದೆ ಬಾ. ಕ್ಯಾಮೆರಾ ಮಾತ್ರ ತರಬ್ಯಾಡ."

ಕೀರ್ತನಾ ನೆಲ ನೋಡುತ್ತಿದ್ದಳು. ಜುಂಜಪ್ಪ ಹೂವು ಹಣ್ಣಿನ ಚೀಲದ ಕಡೆ ನೋಡಿ, "ಇದು ಹೇಳಾಕೆ ಆಟೋ ಮಾಡ್ಕಂಡು ಬಂದ್ರಾ?" ಎಂದ.

"ಇಲ್ಲಪ್ಪ, ನಮ್ಮವ್ವಂದು ಹಠ," ಎನ್ನುತ್ತ ರಂಗಸ್ವಾಮಿ ಆಟೋ ಒಳಗೆ ಕೈ ಹಾಕಿ ತನ್ನ ತಾಯಿ ಚಿತ್ತಮ್ಮನನ್ನು ಮೆಲ್ಲಗೆ ಇಳಿಸಿದ. ತೊಂಬತ್ತರ ಮುದುಕಿ ಹೊಸ ಸೀರೆ ಉಟ್ಟು ಗಟ್ಟಿಮುಟ್ಟಾಗಿದ್ದಳು. ಯಾರೂ ಹೇಳದೆ ಒಳಗೆ ಬಂದು ಕುರ್ಚಿಯಲ್ಲಿ ಕುಳಿತು, ಚೀಲದಿಂದ ಹಾರ ತೆಗೆದು ತಾನೇ ಕೊರಳಿಗೆ ಹಾಕಿಕೊಂಡಳು.

"ಬದುಕಿರೋ ಹುಡುಗ್ರನ್ನ ಅಷ್ಟು ಚೆಂದ ಸತ್ತಂಗೆ ತೆಗ್ದೀಯಂತೆ," ಎಂದಳು. "ಹಂಗಾದ್ರೆ ನಾನ್ಯಾಕಪ್ಪ ಸಾಯೋತನಕ ಕಾಯ್ಲಿ? ಆಮೇಲೆ ತೆಗೆದ್ರೆ ನಾನು ನೋಡಾಕಾಯ್ತದಾ? ಈಗ್ಲೇ ತೆಗಿ. ಹೆಂಗೆ ಬಂದೈತೆ ಅಂತ ನೋಡ್ಕಂಡು ಹೋಗ್ತೀನಿ."

ಮುದುಕಿ ಕೈಗಳನ್ನು ತೊಡೆಯ ಮೇಲೆ ಜೋಡಿಸಿ ಕಣ್ಣು ಮುಚ್ಚಿದಳು. ಕೀರ್ತನಾ ಅಜ್ಜಿಯ ಸೆರಗು ಸರಿಮಾಡಿ, ಜುಂಜಪ್ಪನ ಮುಖ ನೋಡದೆ ಹಿಂದೆ ಸರಿದು ಗೋಡೆಗೆ ಒರಗಿದಳು. ಜುಂಜಪ್ಪ ಕ್ಯಾಮೆರಾಗೆ ಕಣ್ಣಿಟ್ಟ. ಒಳಗೆ ಎಲ್ಲ ಮಸುಕಾಗಿ ಕಂಡಿತು. ಗಾಜು ಒರೆಸಿದ, ಆದರೂ ಮಸುಕು ಹೋಗಲಿಲ್ಲ.

ಚಿತ್ತಮ್ಮ ಒಂದು ಕಣ್ಣು ತೆರೆದಳು. "ನಗಬೇಕೇನಪ್ಪ?"

ಅವನು ಇಷ್ಟು ವರ್ಷ ಹಾರ ಹಾಕಿ ಕುರ್ಚಿಯಲ್ಲಿ ಕೂರಿಸಿದವರು ಯಾರೂ ಅವನನ್ನು ಹಾಗೆ ಕೇಳಿರಲಿಲ್ಲ.

"ಬ್ಯಾಡವ್ವ," ಎಂದ ಜುಂಜಪ್ಪ, ಗುಂಡಿ ಒತ್ತಿದ.