ಹಾರನ್ ಒತ್ತಿದರೆ ಆಡುವ ವೈಪರ್

ಎಲ್ಲಕ್ಕೂ ಮೂಲ, ಟೈಪಿಂಗ್ ಮೇಷ್ಟ್ರು ಬೆಳಿಗ್ಗೆ ಅವಸರದಲ್ಲಿ ಆಡಿದ ಒಂದು ಮಾತು. ಕಾರ್ ಮ್ಯೂಸಿಯಂ ತೆರೆಯುವುದು ಹತ್ತಕ್ಕೆ. ಮೇಷ್ಟ್ರು ತಮ್ಮ ಹಳೆಯ ಕಾರಿನಲ್ಲಿ ಒಂಬತ್ತಕ್ಕೇ ಹೊರಟಿದ್ದರು. ಬೀದಿಯ ಕೊನೆಯಲ್ಲಿ ಮೆಕ್ಯಾನಿಕ್ ಅಡ್ಡ ಬಂದ.

"ಮೇಷ್ಟ್ರೇ, ರಿಪೇರಿಗೆ ಗಾಡಿ ಯಾವಾಗ ಬಿಡ್ತೀರಿ?"

"ಮ್ಯೂಸಿಯಂ ಹಿಂದಿನ ಗೇಟಲ್ಲಿ ನಿಲ್ಲಿಸಿರ್ತೀನಿ. ಬಿಡುವಾದ್ರೆ ನೀನೇ ತಗೊಂಡು ಹೋಗಯ್ಯ. ಇನ್ನೊಂದು ಕೀ ನಿನ್ನ ಹತ್ರವೇ ಇದೆಯಲ್ಲ!" ಎಂದವರು ಮುಂದಿನ ತಿರುವಿನಲ್ಲೇ ಅದನ್ನು ಮರೆತರು.

ಆ ಕಾರು ಅಪ್ಪನದು. ಕಣ್ಣು ಮುಚ್ಚುವ ಮುನ್ನ ಅಪ್ಪ ಮಗನ ಕೈ ಹಿಡಿದು, "ಚೆನ್ನಾಗಿ ನೋಡ್ಕೋ" ಎಂದಿದ್ದರು. ಅಮ್ಮನನ್ನೋ ಕಾರನ್ನೋ ಎಂದು ಕೇಳುವಷ್ಟರಲ್ಲಿ ದೇವರು ಕರೆಸಿಕೊಂಡ. ಮೇಷ್ಟ್ರು ಎರಡನ್ನೂ ನೋಡಿಕೊಂಡರು. ಈಗ ಉಳಿದಿರುವುದು ಕಾರೊಂದೇ.

ಮ್ಯೂಸಿಯಂನಲ್ಲಿ ಒಂದೊಂದು ಕಾರಿನ ಮುಂದೂ ದೇವರೆದುರು ನಿಂತಂತೆ ಕೈಕಟ್ಟಿ ನಿಂತು, ಮೂರು ಗಂಟೆ ಕಳೆದು ಹೊರಬಂದರೆ ಹಿಂದಿನ ಗೇಟು ಖಾಲಿ! ದೂರು ಕೊಡಲು ಒಳಗೆ ಓಡಿದರು. ಹಸಿವೆಂದು ನೋಡದೆ ಬಿಟ್ಟಿದ್ದ ಕೊನೆಯ ಹಾಲ್‌ನಲ್ಲಿ ಗಕ್ಕನೆ ನಿಂತರು. ಅದೇ ಬೂದಿ ಬಣ್ಣ, ಅದೇ ಗುಂಡು ದೀಪ. ಸುತ್ತ ಕೆಂಪು ಹಗ್ಗ, ಮುಂದೆ ಬೋರ್ಡು: 'ದಯವಿಟ್ಟು ಮುಟ್ಟಬೇಡಿ.'

"ನನ್ನ ಕಾರು! ನಂಬರ್ ಪ್ಲೇಟೂ ಕಿತ್ತುಬಿಟ್ಟಿದ್ದಾರೆ!"

ಕಾವಲುಗಾರ ಆವತ್ತೇ ಕೆಲಸಕ್ಕೆ ಸೇರಿದವನು. "ಇಲ್ಲಿ ಯಾವುದಕ್ಕೂ ಪ್ಲೇಟಿಲ್ಲ ಸಾರ್. ಮ್ಯಾನೇಜರ್ ಊಟಕ್ಕೆ ಹೋಗಿದ್ದಾರೆ" ಎಂದು ತಡವರಿಸಿದ.

ಜನ ಸೇರಿದರು. ಅವರಲ್ಲಿ ಒಬ್ಬರು ನಿವೃತ್ತ ವಕೀಲರು. ಕೇಸಿಲ್ಲದೆ ಬಹಳ ದಿನವಾಗಿತ್ತು. "ತಡೀರಿ. ಸ್ವಂತ ಕಾರಾದ್ರೆ ಅದರ ಕಾಯಿಲೆ ಗೊತ್ತಿರಬೇಕು. ಹೇಳಿ ನೋಡೋಣ!"

"ಎಡಗಡೆ ಬಾಗಿಲು ಒಳಗಿಂದ ಮಾತ್ರ ತೆಗೆಯುತ್ತೆ. ಹಾರನ್ ಒತ್ತಿದ್ರೆ ವೈಪರ್ ಆಡುತ್ತೆ."

ಬಾಗಿಲು ಹೊರಗಿನಿಂದ ಜಗ್ಗಿದರು, ಅಲುಗಲಿಲ್ಲ. ಹಾರನ್ ಒತ್ತಿದರು. ವೈಪರ್ ಎರಡು ಸಲ ತಲೆಯಾಡಿಸಿತು. ಜನ ಚಪ್ಪಾಳೆ ತಟ್ಟಿದರು. ವಕೀಲರು ತೀರ್ಪನ್ನೂ ತಾವೇ ಕೊಟ್ಟರು. ಕಾವಲುಗಾರ ಹಗ್ಗ ಬಿಚ್ಚಿದ. ಆ ಜಾತಿಯ ಕಾರಿಗೆ ಕೀ ಎಂಬುದು ಬರೀ ನೆಪ, ಚಮಚ ತಿರುಗಿಸಿದರೂ ಹೊರಡುತ್ತದೆ. ಮೇಷ್ಟ್ರು ಗೆದ್ದ ಸೇನಾಪತಿಯಂತೆ ಮನೆ ಸೇರಿದರು.

ಮನೆ ಮುಂದೆ ಅಪ್ಪನ ಕಾರು ನಿಂತಿತ್ತು. ಪಕ್ಕದಲ್ಲಿ ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತಿದ್ದ.

"ನೀವು ಹೇಳಿದ ಹಾಗೇ ಗೇಟಿಂದ ತಗೊಂಡು ಹೋದೆ ಮೇಷ್ಟ್ರೇ. ಬಾಗಿಲು, ವೈಪರ್ ಎಲ್ಲ ಸರಿಹೋಯ್ತು. ನಂಬರ್ ಪ್ಲೇಟಿಗೆ ಬಣ್ಣ ಬಳಿದು ಒಣಗೋಕೆ ಇಟ್ಟಿದ್ದೀನಿ. ಇದ್ಯಾವುದು ಇನ್ನೊಂದು? ಓ, ಇದರ ಬಾಗಿಲು, ವೈರಿಗೂ ಒಂದ್ಸಲ ಕೈ ಹಾಕಿದ್ದು ನಾನೇ!"

ಹೆಂಡತಿ ಹೊಸ್ತಿಲಲ್ಲಿ ನಿಂತು, "ನೋಡೋಕೆ ಹೋಗ್ತೀನಿ ಅಂದವರು ಎತ್ಕೊಂಡೇ ಬಂದ್ರಾ?" ಎಂದಳು.

ಮೇಷ್ಟ್ರು ಕಾರಿನಿಂದ ಇಳಿಯಲೂ ಇಲ್ಲ. ಮ್ಯೂಸಿಯಂ ಕಾರನ್ನು ತಿರುಗಿಸಿಕೊಂಡು ಹೊರಟರು. ಅವರನ್ನು ವಾಪಸ್ ಕರೆತರಲೆಂದು ಮೆಕ್ಯಾನಿಕ್ ಅಪ್ಪನ ಕಾರಿನಲ್ಲಿ ಹಿಂದೆಯೇ ಬಂದ.

ಮ್ಯಾನೇಜರ್ ಬಾಗಿಲಲ್ಲೇ ಕಾಯುತ್ತಿದ್ದರು, ಪಕ್ಕದಲ್ಲಿ ವಕೀಲರು.

"ತಪ್ಪಾಯ್ತು ಸ್ವಾಮಿ. ಇದು ನಿಮ್ಮದು, ಅದು ನಂದು."

"ಏನ್ರೀ ಇದು!" ವಕೀಲರು ಗುಡುಗಿದರು. "ಐವತ್ತು ಜನರ ಮುಂದೆ ಇದು ನಿಮ್ಮದು ಅಂತ ಸಾಬೀತಾಗಿದೆ! ಹಿಂದಿರೋದರ ಹಾರನ್ ಒತ್ತಿ!"

ಒತ್ತಿದರು. ಬರೀ ಹಾರನ್ ಕೂಗಿತು. ಎಡಬಾಗಿಲು ಬೆಣ್ಣೆಯಂತೆ ತೆರೆಯಿತು.

"ಇಷ್ಟು ಚೆನ್ನಾಗಿರೋದು ಮ್ಯೂಸಿಯಂದೇ!" ಎಂದು ಜನ ಮತ್ತೆ ಚಪ್ಪಾಳೆ ತಟ್ಟಿದರು. ಮ್ಯಾನೇಜರ್ ಮೆಕ್ಯಾನಿಕ್ ಕಡೆ ತಿರುಗಿ ಯಾವುದು ಯಾರದೆಂದು ಕೇಳಿದರೆ, ಅವನು ಎರಡನ್ನೂ ನೋಡಿ ನೋಡಿ, "ಎರಡಕ್ಕೂ ಕೈ ಹಾಕಿದ್ದು ನಾನೇ, ಬೆಳಿಗ್ಗೆ ಯಾವುದನ್ನ ತಗೊಂಡು ಹೋದೆನೋ!" ಎಂದು ತಲೆ ಕೆರೆದುಕೊಂಡ. ಅಪ್ಪನ ಕಾರು ಒಳಗೆ ಹೋಯಿತು. ಕೆಂಪು ಹಗ್ಗ ಬಿತ್ತು.

"ಕಾಗದಪತ್ರ ಇದ್ರೆ ತೋರಿಸಿ, ಈಗಲೇ ಕೊಡ್ತೀನಿ" ಎಂದರು ಮ್ಯಾನೇಜರ್.

ಮೇಷ್ಟ್ರಿಗೆ ಹೋದ ಜೀವ ಬಂತು. "ಇದೆ ಸ್ವಾಮಿ! ಅಪ್ಪನ ಹೆಸರಲ್ಲೇ ಇದೆ! ಆ ಕಾರಿನ ಒಳಗೇ ಇದೆ!" ಎಂದು ಹಗ್ಗದ ಮೇಲಿಂದ ಕೈ ಚಾಚಿದರು.

ಕಾವಲುಗಾರ ಆ ಕೈಯನ್ನು ಮೆಲ್ಲನೆ ಹಿಡಿದು, ಬೋರ್ಡಿನ ಕಡೆ ತೋರಿಸಿದ.